ಫೋಟೋದ ಬೆನ್ನಿಗೂ ಬೆಲೆ ಇದೆ

ಮನುಷ್ಯ ಬಾಹ್ಯಾಕಾಶಕ್ಕೆ ಹೋಗಲು ಆರಂಭಿಸಿದ ವರ್ಷಗಳ ಹಳೆಯ ಫೋಟೋಗಳನ್ನು ಸಂಗ್ರಹಿಸುವವರು ಜಗತ್ತಿನಲ್ಲಿ ಬಹಳ ಜನ ಇದ್ದಾರೆ. 2020ರಲ್ಲಿ ಕ್ರಿಸ್ಟೀಸ್ ಎಂಬ ಹರಾಜು ಸಂಸ್ಥೆ ಒಬ್ಬ ಸಂಗ್ರಾಹಕರ ಬಳಿ ಇದ್ದ ಇಂಥ 2,000ಕ್ಕೂ ಹೆಚ್ಚು ಫೋಟೋಗಳನ್ನು ಮಾರಾಟಕ್ಕಿಟ್ಟಿತು. ಮೈಸೂರಿನ ನಾವೂ ಈ ಹವ್ಯಾಸ ಬೆಳೆಸಿಕೊಳ್ಳಬೇಕು ಎಂಬುದು ನನ್ನ ಅಭಿಪ್ರಾಯ. ಆದರೆ ನಮ್ಮ ದಾರಿ ಹಣ ಕೊಟ್ಟು ಕೊಳ್ಳುವುದಲ್ಲ, ಹುಡುಕಿ ಉಳಿಸುವುದು.

ವಾಣಿಜ್ಯ ವಿಭಾಗದ ವಿದ್ಯಾರ್ಥಿಯಾಗಿ ನನಗೆ ಮೊದಲು ಬಂದ ಪ್ರಶ್ನೆ ಬೆಲೆಯದು. ನಾಸಾದ ಚಿತ್ರಗಳನ್ನು ಯಾರು ಬೇಕಾದರೂ ಮೊಬೈಲಿನಲ್ಲಿ ಪುಕ್ಕಟೆಯಾಗಿ ಇಳಿಸಿಕೊಳ್ಳಬಹುದು. ಪುಕ್ಕಟೆ ಸಿಗುವ ಚಿತ್ರಕ್ಕೆ ಸಾವಿರಾರು ರೂಪಾಯಿ ಏಕೆ? ಸಂಗ್ರಾಹಕರು ನೋಡುವುದು ಚಿತ್ರವನ್ನು ಮಾತ್ರವಲ್ಲ, ಆ ಕಾಗದ ಯಾವಾಗ ಮುದ್ರಣವಾಯಿತು ಎಂಬುದನ್ನು. ಫೋಟೋ ತೆಗೆದ ಕಾಲದಲ್ಲೇ ಮುದ್ರಿಸಿದ ಪ್ರತಿಗೆ ಬೆಲೆ, ಇಂದು ಮುದ್ರಿಸಿದ್ದಕ್ಕೆ ಇಲ್ಲ. ಆ ಕಾಲದ ನಾಸಾ ಬಣ್ಣದ ಫೋಟೋಗಳಲ್ಲಿ ಅಂಚಿನ ಮೇಲೆ ಕೆಂಪು ಅಕ್ಷರದ ಸಂಖ್ಯೆ ಇರುತ್ತದೆ. ಹಿಂಬದಿಯಲ್ಲಿ ಕೊಡಾಕ್ ಕಾಗದದ ಗುರುತು, ಕೆಲವೊಮ್ಮೆ ವಿವರಣೆಯೂ ಇರುತ್ತದೆ. ಬೇಡಿಕೆ ಮತ್ತು ಪೂರೈಕೆಯ ಪಾಠವೂ ಇಲ್ಲಿದೆ. 1969ರ ಜುಲೈ 20ರಂದು ಚಂದ್ರನ ಮೇಲೆ ಕ್ಯಾಮೆರಾ ಹೆಚ್ಚು ಹೊತ್ತು ಇದ್ದದ್ದು ನೀಲ್ ಆರ್ಮ್‌ಸ್ಟ್ರಾಂಗ್ ಕೈಯಲ್ಲಿ. ಆದ್ದರಿಂದ ಆ ದಿನದ ಫೋಟೋಗಳಲ್ಲಿ ಹೆಚ್ಚಾಗಿ ಕಾಣುವವರು ಬಜ್ ಆಲ್ಡ್ರಿನ್. ಮೊದಲು ಕಾಲಿಟ್ಟವರ ಫೋಟೋಗಳೇ ಕಡಿಮೆ, ಹಾಗಾಗಿ ಅವಕ್ಕೆ ಬೇಡಿಕೆ ಹೆಚ್ಚು.

ಲೆಕ್ಕಶಾಸ್ತ್ರದಲ್ಲಿ ವೋಚರ್ ಇಲ್ಲದ ಖರ್ಚನ್ನು ಯಾರೂ ನಂಬುವುದಿಲ್ಲ. ಫೋಟೋದ ಹಿಂಬದಿಯೇ ಅದರ ವೋಚರ್.

ಈಗ ನಮ್ಮ ಊರಿಗೆ ಬರೋಣ. 1984ರ ಏಪ್ರಿಲ್ 3ರಂದು ರಾಕೇಶ್ ಶರ್ಮಾ ಅವರು ಸೋವಿಯತ್ ದೇಶದ ಸೋಯುಜ್ ಟಿ-11 ನೌಕೆಯಲ್ಲಿ ಹೊರಟು ಸಲ್ಯೂತ್-7 ನಿಲ್ದಾಣ ತಲುಪಿದರು. ಸುಮಾರು ಎಂಟು ದಿನ ಬಾಹ್ಯಾಕಾಶದಲ್ಲಿದ್ದರು. ಮೇಲಿನಿಂದ ಭಾರತ ಹೇಗೆ ಕಾಣುತ್ತದೆ ಎಂದು ಪ್ರಧಾನಿ ಇಂದಿರಾ ಗಾಂಧಿ ಕೇಳಿದಾಗ ಅವರು ಉತ್ತರಿಸಿದ್ದು ಅಲ್ಲಾಮಾ ಇಕ್ಬಾಲ್ 1904ರಲ್ಲಿ ಬರೆದ ಉರ್ದು ತರಾನಾದ ಮೊದಲ ಸಾಲಿನಿಂದ. ಇದು ಬಹಳ ಜನರಿಗೆ ಗೊತ್ತು. ಅವರು ಅಲ್ಲಿ ತಿಂದ ರವೆ ಹಲ್ವಾ, ಆಲೂ ಛೋಲೆ, ವೆಜಿಟೆಬಲ್ ಪುಲಾವ್ ತಯಾರಾದದ್ದು ಮೈಸೂರಿನ ಸಿದ್ಧಾರ್ಥನಗರದಲ್ಲಿರುವ ರಕ್ಷಣಾ ಆಹಾರ ಸಂಶೋಧನಾ ಪ್ರಯೋಗಾಲಯದಲ್ಲಿ, ಅಂದರೆ ಡಿಎಫ್‌ಆರ್‌ಎಲ್‌ನಲ್ಲಿ ಎಂಬುದು ನನ್ನ ತರಗತಿಯಲ್ಲಿ ಹೆಚ್ಚಿನವರಿಗೆ ಗೊತ್ತಿರಲಿಲ್ಲ. 41 ವರ್ಷಗಳ ನಂತರ, 2025ರ ಜೂನ್‌ನಲ್ಲಿ, ಶುಭಾಂಶು ಶುಕ್ಲಾ ಭೂಮಿಯ ಕಕ್ಷೆಗೆ ಹೋದ ಎರಡನೇ ಭಾರತೀಯರಾದರು.

1984ರಲ್ಲಿ ಮೂವತ್ತು ವರ್ಷ ವಯಸ್ಸಾಗಿದ್ದವರಿಗೆ ಈಗ ಎಪ್ಪತ್ತು ದಾಟಿದೆ. ಆಗ ಕೆಲಸ ಮಾಡಿದ ವಿಜ್ಞಾನಿಗಳು, ಅಡುಗೆಯವರು, ಪ್ಯಾಕಿಂಗ್ ಮಾಡಿದವರು, ಚಾಲಕರು ಇದೇ ಊರಿನ ಬೀದಿಗಳಲ್ಲಿ ಇರಬಹುದು. ಅವರ ಆಲ್ಬಮ್‌ನಲ್ಲಿ ಆ ದಿನಗಳ ಒಂದು ಗುಂಪು ಫೋಟೋ ಇದ್ದರೂ ಇರಬಹುದು. ಹಳೆಯ ಮನೆ ಬಿಟ್ಟು ಬಾಡಿಗೆಯ ಫ್ಲ್ಯಾಟಿಗೆ ಹೋಗುವಾಗ ಇಂಥವೆಲ್ಲ ಕೆ.ಜಿ. ಲೆಕ್ಕದಲ್ಲಿ ಗುಜರಿಗೆ ಹೋಗುತ್ತವೆ. ಹರಾಜಿನ ಫೋಟೋವನ್ನು ಯಾರಾದರೂ ಕಾಪಾಡುತ್ತಾರೆ, ಇದನ್ನು ನಾವಲ್ಲದೆ ಯಾರೂ ಕಾಪಾಡುವುದಿಲ್ಲ.

ನಮ್ಮ ದಾದಾ ಆ ಏಪ್ರಿಲ್‌ನಲ್ಲಿ ಉರ್ದು ಪತ್ರಿಕೆಯಿಂದ ರಾಕೇಶ್ ಶರ್ಮಾ ಅವರ ಫೋಟೋ ಕತ್ತರಿಸಿ ರಟ್ಟಿಗೆ ಅಂಟಿಸಿದ್ದರು. ರಟ್ಟಿನ ಹಿಂದೆ ತಾರೀಖು ಬರೆದು, "ಮಂಡಿ ಮೊಹಲ್ಲಾದ ಚಹಾ ಹೋಟೆಲಿನ ರೇಡಿಯೋದಲ್ಲಿ ಸುದ್ದಿ ಕೇಳಿದೆ, ಎಲ್ಲರಿಗೂ ನಾನೇ ಚಹಾ ಕೊಡಿಸಿದೆ" ಎಂದು ಉರ್ದುವಿನಲ್ಲಿ ಬರೆದಿದ್ದಾರೆ. ಮುಂಬದಿಯ ಚಿತ್ರ ಎಲ್ಲ ಪತ್ರಿಕೆಗಳಲ್ಲೂ ಬಂದಿತ್ತು. ಹಿಂಬದಿಯದು ನಮ್ಮ ಮನೆಯಲ್ಲಿ ಮಾತ್ರ ಇದೆ. ಇಂಗ್ಲಿಷ್ ಮಾಧ್ಯಮದಲ್ಲಿ ಓದುವ ನನ್ನ ತಂಗಿಗೆ ಉರ್ದು ಓದಲು ಬರುವುದಿಲ್ಲ. ಅವಳಿಗಾಗಿ ಅದನ್ನು ಕನ್ನಡದಲ್ಲಿ ಬೇರೆ ಚೀಟಿಯಲ್ಲಿ ಬರೆದು ಜೊತೆಗೆ ಇಟ್ಟಿದ್ದೇನೆ. ನಮ್ಮಲ್ಲಿ ಎಷ್ಟು ಮನೆಗಳಲ್ಲಿ ಫೋಟೋದ ಹಿಂದೆ ಬರೆದದ್ದನ್ನು ಓದುವವರು ಈಗ ಒಬ್ಬರೋ ಇಬ್ಬರೋ ಉಳಿದಿದ್ದಾರೆ, ಯೋಚಿಸಿ.

"ಎಲ್ಲ ಗೂಗಲ್‌ನಲ್ಲಿ ಸಿಗುತ್ತದಲ್ಲ, ಹಳೆಯ ಕಾಗದ ಏಕೆ?" ಎಂದು ಗೆಳೆಯರು ಕೇಳುತ್ತಾರೆ. ಯಾರೋ ಹಾಕಿದ್ದು ಮಾತ್ರ ಗೂಗಲ್‌ನಲ್ಲಿ ಸಿಗುತ್ತದೆ. ಮೈಸೂರಿನಲ್ಲಿ ಪುಲಾವ್ ಪ್ಯಾಕ್ ಮಾಡಿದ ಕೈಗಳ ಫೋಟೋ ಯಾರದೋ ಪೆಟ್ಟಿಗೆಯಲ್ಲಿದ್ದರೆ ಅದು ಅಲ್ಲಿ ಹೇಗೆ ಸಿಗುತ್ತದೆ? "ಓದು ಬಿಟ್ಟು ಇದೆಲ್ಲ ಬೇಕಾ?" ಎನ್ನುವವರಿಗೆ ನನ್ನ ಉತ್ತರ, ಇದಕ್ಕೆ ಬೇಕಾದದ್ದು ಒಂದು ಪೆನ್ಸಿಲ್, ಕೆಲವು ಕಾಗದದ ಕವರ್, ಒಂದು ಭಾನುವಾರ.

ಕೆಲವು ಮಾತು ನೆನಪಿಡಿ. ಫೋಟೋದ ಹಿಂದೆ ಬಾಲ್ ಪೆನ್ನಿನಲ್ಲಿ ಬರೆಯಬೇಡಿ, ಒತ್ತು ಮುಂಬದಿಗೆ ಮೂಡುತ್ತದೆ. ಮೆತ್ತನೆಯ ಪೆನ್ಸಿಲಿನಲ್ಲಿ ಅಂಚಿಗೆ ಹಗುರವಾಗಿ ಬರೆಯಿರಿ. ಲ್ಯಾಮಿನೇಷನ್ ಮಾಡಿಸಬೇಡಿ, ಅಂಟು ಹಾಳೆಯ ಆಲ್ಬಮ್‌ಗೆ ಹಾಕಬೇಡಿ. ಬಿಸಿಲಿನಲ್ಲಿ ತೂಗುಹಾಕಿದರೆ ಬಣ್ಣದ ಫೋಟೋ ಮಾಸುತ್ತದೆ. ಮೊಬೈಲಿನಲ್ಲಿ ಎರಡೂ ಬದಿ ತೆಗೆದುಕೊಳ್ಳಿ. ಇದ್ದವರು ಯಾರು, ಎಲ್ಲಿ, ಯಾವ ವರ್ಷ ಎಂದು ಹಿರಿಯರನ್ನು ಕೇಳಿ ಬರೆದುಕೊಳ್ಳಿ. ಇಂಟರ್ನೆಟ್‌ನಲ್ಲಿ "ಅಸಲಿ" ಎಂದು ಮಾರುವುದನ್ನು ಹಿಂಬದಿ ನೋಡದೆ ಕೊಳ್ಳಬೇಡಿ.

ನಮ್ಮ ಗ್ರಂಥಾಲಯದಲ್ಲಿ ಒಂದು ಕಪಾಟು ಇದಕ್ಕೆ ಕೊಡಬೇಕೆಂದು ಪ್ರಾಂಶುಪಾಲರಲ್ಲಿ ಮನವಿ ಮಾಡುತ್ತೇನೆ. ಉರ್ದು ಬರಹಗಳನ್ನು ಓದಿಕೊಡಲು ನಮ್ಮ ಉರ್ದು ಉಪನ್ಯಾಸಕರ ಸಹಾಯ ಬೇಕು. ಕಚೇರಿಯ ಕಾಗದಪತ್ರ ನಮಗೆ ಬೇಡ, ಮನೆಯವರು ಸಂತೋಷದಿಂದ ತೋರಿಸುವ ಫೋಟೋ ಸಾಕು. ಅಸಲು ಅವರ ಬಳಿಯೇ ಇರಲಿ, ಪ್ರತಿ ನಮ್ಮಲ್ಲಿರಲಿ. ಈ ರಜೆಯಲ್ಲಿ ಪ್ರತಿಯೊಬ್ಬರೂ ನಿಮ್ಮ ಬೀದಿಯ ಒಬ್ಬ ಹಿರಿಯರ ಮನೆಗೆ ಹೋಗಿ, ಸಲಾಂ ಹೇಳಿ, 1984ರ ಏಪ್ರಿಲ್‌ನಲ್ಲಿ ನೀವು ಎಲ್ಲಿದ್ದಿರಿ ಎಂದು ಕೇಳಿ.