ಆನ್‌ಲೈನ್ ಪಾಠ ಕಟ್ಟುವವರು ಏನನ್ನು ಓದಬೇಕು?

ಯಾವ ಕ್ಯಾಮರಾ ಕೊಳ್ಳಬೇಕು, ಧ್ವನಿ ಹಿಡಿಯಲು ಯಾವ ಮೈಕು ಒಳ್ಳೆಯದು, ಪರದೆಯ ಮೇಲೆ ಅಕ್ಷರಗಳನ್ನು ಕುಣಿಸಲು ಯಾವ ತಂತ್ರಾಂಶ ಬೇಕು? ಆನ್‌ಲೈನ್ ಪಾಠಗಳನ್ನು ರಚಿಸಲು ಹೊರಟವರು ಮೊದಲು ಕೇಳುವ ಪ್ರಶ್ನೆಗಳು ಸಾಮಾನ್ಯವಾಗಿ ಇವೇ. ಈ ಕೆಲಸವನ್ನೇ ವೃತ್ತಿಯಾಗಿ ಕೈಗೊಂಡ ಪಾಠವಿನ್ಯಾಸಕರು ಇಂದು ನಮ್ಮಲ್ಲಿಯೂ ಇರುವರು. ಈ ಪುಟಗಳನ್ನು ಓದುವ ವಿದ್ಯಾರ್ಥಿಗಳಲ್ಲಿ ಕೆಲವರಾದರೂ ಮುಂದೆ ಆ ಕೆಲಸಕ್ಕೆ ಸೇರುವವರೇ. ಮಿಕ್ಕವರು ಅವರ ಪಾಠಗಳಿಂದ ಕಲಿಯತಕ್ಕವರು. ಆದುದರಿಂದ ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ವಿದ್ಯಾರ್ಥಿಯ ತಲೆಯೊಳಗೆ ಈಗಾಗಲೇ ಏನಿದೆ ಎಂಬುದನ್ನು ತಿಳಿಸುವ ಬರಹಗಳನ್ನು ಪಾಠವಿನ್ಯಾಸಕನು ಎಲ್ಲಕ್ಕಿಂತ ಮೊದಲು ಓದಬೇಕು. ಯಂತ್ರೋಪಕರಣಗಳ ಪರಿಚಯ ಆಮೇಲಾದರೂ ಆದೀತು.

ತರಗತಿಯಲ್ಲಿ ನಿಂತ ಅಧ್ಯಾಪಕನಿಗೆ ಒಂದು ಅನುಕೂಲವುಂಟು. ಮೂರನೆಯ ಬೆಂಚಿನ ಹುಡುಗಿ ಹುಬ್ಬು ಗಂಟಿಕ್ಕಿದರೆ ಅವನು ಮಾತು ನಿಲ್ಲಿಸಿ ಬೇರೆ ದಾರಿ ಹಿಡಿಯಬಲ್ಲನು. ವಿಡಿಯೋ ಪಾಠಕ್ಕೆ ಕಣ್ಣಿಲ್ಲ. ಅರ್ಥವಾಗದವನು ಅದನ್ನು ಮುಚ್ಚಿ ಎದ್ದು ಹೋಗುತ್ತಾನೆ. ಇಲ್ಲವೆ ಅರ್ಥವಾಯಿತೆಂದು ನಂಬಿಕೊಂಡು ಹೋಗುತ್ತಾನೆ. ಎರಡನೆಯದೇ ಹೆಚ್ಚು ಅಪಾಯಕರವಾದುದು.

ಇದು ಬರಿಯ ಊಹೆಯಲ್ಲ. ಡೆರೆಕ್ ಮುಲ್ಲರ್ ಎಂಬುವರು ಆಸ್ಟ್ರೇಲಿಯದ ಸಿಡ್ನಿ ವಿಶ್ವವಿದ್ಯಾನಿಲಯದಲ್ಲಿ ಇದನ್ನೇ ಪರೀಕ್ಷಿಸಿ ೨೦೦೮ರಲ್ಲಿ ಡಾಕ್ಟರೇಟ್ ಪ್ರಬಂಧ ಬರೆದರು. (ವೆರಿಟಾಸಿಯಮ್ ಎಂಬ ಯೂಟ್ಯೂಬ್ ವಾಹಿನಿಯ ಮೂಲಕ ನಿಮ್ಮಲ್ಲಿ ಅನೇಕರು ಅವರನ್ನು ಬಲ್ಲಿರಿ.) ಚೆಂಡೊಂದನ್ನು ಮೇಲಕ್ಕೆ ಎಸೆದಿದ್ದೇವೆ ಎನ್ನೋಣ. ಕೈ ಬಿಟ್ಟ ಮೇಲೆ, ಅದು ಇನ್ನೂ ಏರುತ್ತಿರುವಾಗ, ಅದರ ಮೇಲೆ ಯಾವ ಬಲಗಳು ವರ್ತಿಸುತ್ತಿವೆ? ‘ಕೈ ಕೊಟ್ಟ ಬಲ ಮೇಲಕ್ಕೆ, ಗುರುತ್ವ ಕೆಳಕ್ಕೆ’ ಎಂದು ಬಹುಮಂದಿ ಉತ್ತರಿಸುವರು. ಆದರೆ ಕೈಯ ಬಲ ಕೈಯನ್ನು ಬಿಟ್ಟೊಡನೆ ಮುಗಿಯಿತು. ವಾಯುವಿನ ತಡೆಯನ್ನು ಬಿಟ್ಟರೆ ಉಳಿದಿರುವುದು ಗುರುತ್ವವೊಂದೇ. ಇಂತಹ ವಿಷಯಗಳ ಬಗ್ಗೆ ಮುಲ್ಲರ್ ಎರಡು ಬಗೆಯ ಪಾಠಗಳನ್ನು ಮಾಡಿದರು. ಒಂದರಲ್ಲಿ ಸರಿಯಾದ ವಿವರಣೆ ಮಾತ್ರ, ತಿಳಿಯಾಗಿ. ಇನ್ನೊಂದರಲ್ಲಿ ತಪ್ಪು ತಿಳಿವಳಿಕೆಯನ್ನೇ ಮೊದಲು ಒಬ್ಬ ವಿದ್ಯಾರ್ಥಿಯ ಬಾಯಿಂದ ಆಡಿಸಿ, ಸಂಭಾಷಣೆಯಲ್ಲಿ ಅದನ್ನು ಬಿಡಿಸುವುದು. ಮೊದಲನೆಯದನ್ನು ನೋಡಿದವರು ‘ಬಹಳ ಸ್ಪಷ್ಟವಾಗಿತ್ತು’ ಎಂದರು. ಆದರೆ ೨೬ ಅಂಕಗಳಲ್ಲಿ ಪಾಠಕ್ಕೆ ಮುಂಚೆ ಸುಮಾರು ೬ ಪಡೆದಿದ್ದ ಅವರು ಪಾಠದ ತರುವಾಯವೂ ೬ರ ಆಸುಪಾಸಿನಲ್ಲಿಯೇ ಉಳಿದರು. ಎರಡನೆಯದನ್ನು ನೋಡಿದವರು ಗೊಂದಲವಾಯಿತೆಂದು ದೂರಿದರೂ ೧೧ರ ಸಮೀಪಕ್ಕೆ ಏರಿದರು. ತಾವು ಮೊದಲೇ ನಂಬಿದ್ದುದನ್ನೇ ಪಾಠವೂ ಹೇಳಿತೆಂದು ಮೊದಲ ಗುಂಪಿನವರು ಭಾವಿಸಿದ್ದರಷ್ಟೆ! ಪಾಠದ ಕೆಳಗೆ ಬೀಳುವ ಮೆಚ್ಚುಗೆಯ ಎಣಿಕೆಯಿಂದ ಪಾಠದ ಬೆಲೆ ಕಟ್ಟುವವರು ಈ ಪ್ರಬಂಧವನ್ನು ಎರಡು ಬಾರಿ ಓದತಕ್ಕದ್ದು.

ಇದಕ್ಕೆ ತಾಯಿಬೇರಿನಂತಿರುವ ಒಂದು ಪ್ರಶ್ನಾವಳಿ ೧೯೯೨ರಲ್ಲಿ ಪ್ರಕಟವಾಯಿತು. ಹೆಸ್ಟೆನಿಸ್, ವೆಲ್ಸ್ ಮತ್ತು ಸ್ವಾಕ್‌ಹ್ಯಾಮರ್ ಅಮೆರಿಕದಲ್ಲಿ ರಚಿಸಿದ ಅದು ಬಲದ ಕಲ್ಪನೆಯನ್ನು ಪರೀಕ್ಷಿಸುತ್ತದೆ. ಲೆಕ್ಕ ಮಾಡುವ ಅಗತ್ಯವೇ ಇಲ್ಲ. ಅದರ ವಿಶೇಷವಿರುವುದು ತಪ್ಪು ಉತ್ತರಗಳಲ್ಲಿ. ಅವು ಬಾಯಿಗೆ ಬಂದಂತೆ ಸೇರಿಸಿದವಲ್ಲ, ವಿದ್ಯಾರ್ಥಿಗಳು ನಿಜವಾಗಿ ನಂಬುವ ಮಾತುಗಳು.

ಚಿತ್ರ ಮತ್ತು ಮಾತುಗಳನ್ನು ಹೊಂದಿಸುವ ಬಗೆಗೆ ರಿಚರ್ಡ್ ಮೇಯರ್ ಅವರ ಬಹುಮಾಧ್ಯಮ ಕಲಿಕೆಯ ಗ್ರಂಥ (೨೦೦೧) ಸಾಕು. ಚಿತ್ರವನ್ನು ತೋರಿಸುತ್ತ ವಿವರಣೆಯನ್ನು ಬಾಯಲ್ಲಿ ಹೇಳುತ್ತಿರುವಾಗ, ಅದೇ ವಾಕ್ಯಗಳನ್ನು ಪರದೆಯ ಮೇಲೂ ಬರೆದು ತೋರಿಸಿದರೆ ಕಲಿಕೆ ಹೆಚ್ಚುವುದಿಲ್ಲ, ತಗ್ಗುತ್ತದೆ ಎಂಬುದು ಅವರ ಪ್ರಯೋಗಗಳಿಂದ ತಿಳಿದ ಸಂಗತಿ. ನಮ್ಮ ಎಷ್ಟು ಪಾಠಗಳು ಈ ಒಂದು ನಿಯಮವನ್ನು ಪಾಲಿಸಿವೆ? ನೆನಪಿನ ವಿಷಯದಲ್ಲಿ ರೋಡಿಗರ್ ಮತ್ತು ಕಾರ್ಪಿಕ್ ೨೦೦೬ರಲ್ಲಿ ಪ್ರಕಟಿಸಿದ ಲೇಖನವುಂಟು. ಪಾಠವನ್ನು ಮತ್ತೆ ಓದಿದವರಿಗಿಂತ, ಪುಸ್ತಕ ಮುಚ್ಚಿ ಅದನ್ನು ನೆನೆದು ಬರೆದವರು ವಾರ ಕಳೆದ ಮೇಲೆ ಹೆಚ್ಚು ನೆನಪಿಟ್ಟಿದ್ದರು. ಪರೀಕ್ಷೆಗೆ ಓದುವ ನೀವೂ ಇದನ್ನು ಗಮನಿಸಬಹುದು.

ಓದುವುದಷ್ಟೇ ಅಲ್ಲ, ಕೈಯಾಡಿಸಿ ನೋಡಬೇಕಾದುದೂ ಒಂದಿದೆ. ೨೦೦೧ರ ನೊಬೆಲ್ ಪಾರಿತೋಷಕವನ್ನು ಹಂಚಿಕೊಂಡ ಕಾರ್ಲ್ ವೀಮನ್ ೨೦೦೨ರಲ್ಲಿ ಕೊಲೊರಾಡೊ ವಿಶ್ವವಿದ್ಯಾನಿಲಯದಲ್ಲಿ ಆರಂಭಿಸಿದ ‘ಫೆಟ್’ ಅನುಕರಣ ಪ್ರಯೋಗಗಳು ಉಚಿತವಾಗಿ ದೊರೆಯುತ್ತವೆ. ಹಲವು ಕನ್ನಡದಲ್ಲಿಯೂ ಇವೆ. ಅಂದಹಾಗೆ ವೀಮನ್ ಅವರಿಗೆ ಆ ಪಾರಿತೋಷಕ ಬಂದದ್ದು ನಮ್ಮ ಸತ್ಯೇಂದ್ರನಾಥ ಬೋಸರ ಹೆಸರು ಹೊತ್ತ ದ್ರವ್ಯಸ್ಥಿತಿಯನ್ನು ಪ್ರಯೋಗಾಲಯದಲ್ಲಿ ಪಡೆದುದಕ್ಕಾಗಿ.

ಓದಬಾರದುದೂ ಉಂಟು. ‘ಓದಿದ್ದರಲ್ಲಿ ಶೇಕಡಾ ೧೦, ಕೇಳಿದ್ದರಲ್ಲಿ ೨೦, ಕಂಡದ್ದರಲ್ಲಿ ೩೦ ನೆನಪಿರುತ್ತದೆ’ ಎಂಬ ಶಂಕುವಿನ ಚಿತ್ರ ಎಲ್ಲ ತರಬೇತಿಗಳಲ್ಲಿಯೂ ಎದುರಾಗುತ್ತದೆ. ಎಡ್ಗರ್ ಡೇಲ್ ೧೯೪೬ರಲ್ಲಿ ಶಂಕುವನ್ನು ಬರೆದದ್ದು ನಿಜ. ಆದರೆ ಅದರಲ್ಲಿ ಅಂಕಿಗಳೇ ಇರಲಿಲ್ಲ. ಅವನ್ನು ಆಮೇಲೆ ಯಾರೋ ಅಂಟಿಸಿದರು. ಇಷ್ಟು ದುಂಡಾದ ಸಂಖ್ಯೆಗಳನ್ನು ಯಾವ ಪ್ರಯೋಗಾಲಯ ಕೊಟ್ಟೀತು? ಭೌತವಿಜ್ಞಾನದ ವಿದ್ಯಾರ್ಥಿಗಾದರೂ ಇಲ್ಲಿ ಸಂಶಯ ಬರಬೇಕು.

ಆದರೂ ಈ ಸಾಮಗ್ರಿಯಲ್ಲಿ ನಮಗೊಂದು ಕೊರತೆ ಉಳಿಯುತ್ತದೆ. ಎನ್‌ಪಿಟೆಲ್ ೨೦೦೩ರಿಂದ, ಸ್ವಯಂ ೨೦೧೭ರಿಂದ ನಮ್ಮ ದೇಶದ ಪಾಠಗಳನ್ನು ಮನೆಮನೆಗೆ ತಂದಿವೆ, ಒಪ್ಪೋಣ. ಕನ್ನಡದಲ್ಲಿ ಯೋಚಿಸುವ ವಿದ್ಯಾರ್ಥಿಯ ತೊಡಕುಗಳಾದರೋ ಅಮೆರಿಕದ ಪ್ರಶ್ನಾವಳಿಯಲ್ಲಿಲ್ಲ. ಮನೆಯ ಮಾತಿನಲ್ಲಿ ‘ಬಲ’, ‘ಶಕ್ತಿ’ ಎರಡೂ ಹೆಚ್ಚುಕಡಿಮೆ ಒಂದೇ. ಪಠ್ಯಪುಸ್ತಕದಲ್ಲಿ ಅವು ಬೇರೆ ಬೇರೆ ಪರಿಮಾಣಗಳು. ‘ವೇಗ’ಕ್ಕೆ ದಿಕ್ಕುಂಟು, ‘ಜವ’ಕ್ಕೆ ಇಲ್ಲವೆಂದು ಪುಸ್ತಕ ಹೇಳುತ್ತದೆ, ಬಸ್ಸಿನ ವೇಗವನ್ನು ಕುರಿತು ಮಾತಾಡುವಾಗ ದಿಕ್ಕನ್ನು ಯಾರು ನೆನೆಯುತ್ತಾರೆ? ಅಂಗಡಿಯ ‘ತೂಕ’ ಕಿಲೋಗ್ರಾಂಗಳಲ್ಲಿ, ಭೌತವಿಜ್ಞಾನದ ತೂಕ ನ್ಯೂಟನ್‌ಗಳಲ್ಲಿ. ಇಂಗ್ಲಿಷ್ ಪಾಠವನ್ನು ಅನುವಾದಿಸಿ ಧ್ವನಿ ಕೂಡಿಸಿದ ಮಾತ್ರಕ್ಕೆ ಈ ಗಂಟುಗಳು ಬಿಚ್ಚುವುದಿಲ್ಲ. ನಮ್ಮ ವಿದ್ಯಾರ್ಥಿಗಳು ಕನ್ನಡದಲ್ಲಿ ಕೊಟ್ಟ ತಪ್ಪು ಉತ್ತರಗಳನ್ನು, ಅವರದೇ ಮಾತುಗಳಲ್ಲಿ, ಯಾರಾದರೂ ಕೂಡಿಹಾಕಬೇಕು. ಪ್ರೌಢಶಾಲೆಯ ಯಾವ ಅಧ್ಯಾಪಕರಾದರೂ ಅದನ್ನು ನೂರು ಪುಟದ ಒಂದು ನೋಟ್‌ಬುಕ್ಕಿನಲ್ಲಿ ಈ ವಾರವೇ ಆರಂಭಿಸಬಹುದು.