ಸೇತುವೆಯ ಮೇಲೆ ನಿಲ್ಲಬಾರದೇ?

ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಎಂಜಿನಿಯರುಗಳಾದವರು ಅನೇಕರಿದ್ದೀರಿ. ಈ ಬರಹ ಮುಖ್ಯವಾಗಿ ನಿಮಗೆ. ಉಳಿದವರೂ ಓದಿ, ಒಪ್ಪಿಗೆಯಾಗದಿದ್ದರೆ ವಾದಕ್ಕೆ ಬನ್ನಿ.

ನಮ್ಮಲ್ಲಿ ಸೇತುವೆಯೆಂದರೆ ವಾಹನಗಳು ಹೊಳೆ ದಾಟುವ ಸಾಧನ ಎಂದು ತೀರ್ಮಾನವಾಗಿಬಿಟ್ಟಿದೆ. ಲಾರಿ, ಬಸ್ಸುಗಳಿಗೆ ಕೊಟ್ಟು ಮಿಕ್ಕ ಅಂಚು ನಡೆಯುವವರಿಗೆ. ನಿಲ್ಲುವವರಿಗೆ ಅದೂ ಇಲ್ಲ. ಆದರೆ ಹೊಳೆ ಕಂಡಲ್ಲಿ ಮನುಷ್ಯ ನಿಲ್ಲುತ್ತಾನೆ. ನೆಟ್ಟಣದ ಸುಬ್ರಹ್ಮಣ್ಯ ರೋಡ್ ನಿಲ್ದಾಣದಲ್ಲಿಳಿದು ಕುಕ್ಕೆಗೆ ಹೋಗುವ ಯಾತ್ರಿಕನಿಗೆ ಕುಮಾರಧಾರೆಯೂ ಕ್ಷೇತ್ರವೇ. ಆಟಿಯ ಮಳೆಗೆ ಕೆಂಪಾಗಿ ಉಕ್ಕುವ ನೀರನ್ನು ಕಂಡೂ ಕಾಣದಂತೆ ದಾಟಿಹೋಗುವ ಊರವನೂ ಇಲ್ಲ. ಈ ಸ್ವಭಾವವನ್ನು ಅಶಿಸ್ತೆಂದು ಕರೆದು ಹಾರ್ನ್ ಬಾರಿಸುವುದು ಯಾವ ನ್ಯಾಯ?

ನಿಯಮ ಬರೆದವರಿಗೆ ಇದು ತಿಳಿಯದ್ದೇನಲ್ಲ. ಸೇತುವೆಯ ಕಾಲುದಾರಿಗೆ ಚದರ ಮೀಟರಿಗೆ 400 ಕಿಲೋಗ್ರಾಂ ಭಾರವನ್ನು ಲೆಕ್ಕ ಹಿಡಿಯಬೇಕು. ಯಾತ್ರಾಸ್ಥಳ ಹಾಗೂ ದೊಡ್ಡ ಜಾತ್ರೆಗಳ ಪೇಟೆಯ ಬಳಿ 500 ಎಂದು ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಸಂಹಿತೆ ಹೇಳುತ್ತದೆ. ಅಂದರೆ ಚಂಪಾಷಷ್ಠಿಯಂಥ ಜನಸಂದಣಿಯ ತೂಕಕ್ಕೆ ನಿಯಮವುಂಟು. ಆ ಜನ ಕುಳಿತುಕೊಳ್ಳಲು ಒಂದು ಕಟ್ಟೆ, ಒಂದಿಷ್ಟು ನೆರಳು ಮಾತ್ರ ನಕ್ಷೆಯಲ್ಲಿ ಬರುವುದಿಲ್ಲ!

ದುಡ್ಡೆಲ್ಲಿ ಎನ್ನುವವರು ಸುಳ್ಯದ ಕಡೆ ನೋಡಲಿ. 1989ರಲ್ಲಿ ಗಿರೀಶ್ ಭಾರದ್ವಾಜರು ಅರಂಬೂರಿನಲ್ಲಿ ಪಯಸ್ವಿನಿಗೆ ತೂಗುಸೇತುವೆ ಕಟ್ಟಿದರು. ಬಳಿಕ ಅಂಥವನ್ನು ನೂರಕ್ಕೂ ಮಿಕ್ಕಿ ಕಟ್ಟಿ 2017ರಲ್ಲಿ ಪದ್ಮಶ್ರೀ ಪಡೆದರು. ಕಾಂಕ್ರೀಟ್ ಸೇತುವೆಯ ಖರ್ಚಿನ ಅಲ್ಪಾಂಶದಲ್ಲಿ ಆದ ಕೆಲಸ. ಅವು ಕಿರಿದು, ನಿಜ. ಆದರೆ ಅಲ್ಲಿ ಎದುರಾದವರು ನಿಂತು ಎರಡು ಮಾತಾಡಬಹುದು. ಹಿಂದಿನಿಂದ ಲಾರಿ ಬರುವ ಭಯವಿಲ್ಲ. ಇರಾನಿನ ಇಸ್ಫಹಾನಿನಲ್ಲಿ 1650ರ ಸುಮಾರಿಗೆ ಕಟ್ಟಿದ ಖಾಜು ಸೇತುವೆಯಲ್ಲಿ ನೀರಿನತ್ತ ಇಳಿಯುವ ಮೆಟ್ಟಿಲುಗಳೇ ಊರವರ ಜಗಲಿ.

ಹಾಗೆಂದು ಟಿಕೆಟ್ಟಿಟ್ಟು ಫೋಟೋ ತೆಗೆಸಿಕೊಳ್ಳುವ ಸೇತುವೆಯನ್ನು ನಾನು ಕೇಳುತ್ತಿಲ್ಲ. ಹಣ ಕೊಟ್ಟು ಒಳಹೋಗುವ ಜಾಗ ಸಾರ್ವಜನಿಕ ಸ್ಥಳ ಹೇಗಾದೀತು? ಗುಜರಾತಿನ ಮೋರ್ಬಿಯಲ್ಲಿ ದುರಸ್ತಿಯಾಗಿ ತೆರೆದ ತೂಗುಸೇತುವೆ ಕೆಲವೇ ದಿನಗಳಲ್ಲಿ, 2022ರ ಅಕ್ಟೋಬರ್ 30ರಂದು, ಟಿಕೆಟ್ ಪಡೆದು ಬಂದಿದ್ದ ಜನರೊಂದಿಗೆ ಕುಸಿದು 135 ಮಂದಿ ಸತ್ತರು. ಜನರನ್ನು ನಿಲ್ಲಲು ಕರೆಯುವವನು ಮೊದಲು ಅವರ ಭಾರವನ್ನು ಹೊರಲು ಸಿದ್ಧನಿರಬೇಕು. ಹಗ್ಗ, ಬೋಲ್ಟುಗಳನ್ನು ವರ್ಷವರ್ಷವೂ ಪರೀಕ್ಷಿಸಬೇಕು.

ನನ್ನ ಬೇಡಿಕೆ ಸಣ್ಣದು. ಪೇಟೆಯ ಸೇತುವೆಗಳಲ್ಲಿ ಕಾಲುದಾರಿಗೂ ವಾಹನಗಳಿಗೂ ನಡುವೆ ಗಟ್ಟಿಯಾದ ಅಡ್ಡಗೋಡೆಯಿರಲಿ. ಕಂಬಗಳ ನೇರಕ್ಕೆ ಹೊರಚಾಚಿದ ಕಟ್ಟೆ, ಮೇಲೊಂದು ಮಾಡು ಇರಲಿ. ಗಾಲಿಕುರ್ಚಿಯೂ ಏರುವಂತಹ ಇಳಿಜಾರಿರಲಿ. ಇವೆಲ್ಲ ಮೊದಲ ನಕ್ಷೆಯಲ್ಲೇ ಬರಬೇಕು. ಕಟ್ಟಿಯಾದ ಮೇಲೆ ಅಂಟಿಸಲಾಗದು.

ಮುಂದಿನ ನಕ್ಷೆಗೆ ಸಹಿ ಹಾಕುವ ಮುನ್ನ ಒಂದೇ ಪ್ರಶ್ನೆ ಕೇಳಿಕೊಳ್ಳಿ: ನಡೆದು ದಣಿದ ನಿಮ್ಮ ಅಜ್ಜಿ ಈ ಸೇತುವೆಯಲ್ಲಿ ಎಲ್ಲಿ ಕೂರಬೇಕು?