ಗಿರಾಕಿ ಮೆಟ್ಟಿಲು ಹತ್ತುವುದಿಲ್ಲ

ಪಾಲಿಕೆಯ ಮಾರುಕಟ್ಟೆಯಲ್ಲಿ ವ್ಯಾಪಾರ ಕುಸಿದಾಗ ಅಧಿಕಾರಿಗಳ ಬಾಯಿಂದ ಮೊದಲು ಹೊರಡುವ ಮಾತು ಎಲ್ಲ ಊರಲ್ಲೂ ಒಂದೇ: ವ್ಯಾಪಾರಿಗಳು ಕಾಲಕ್ಕೆ ತಕ್ಕಂತೆ ಬದಲಾಗಬೇಕು. ನಸುಕಿನಲ್ಲೇ ಎದ್ದು ಸಗಟು ಮಂಡಿಯಿಂದ ಸರಕು ತಂದು, ರಾತ್ರಿಯ ತನಕ ಅದೇ ಕಟ್ಟೆಯ ಮೇಲೆ ಕೂರುವ ಟೊಮೆಟೊ ವ್ಯಾಪಾರಿ ಈಗ ರೀಲ್ಸ್ ಮಾಡುವುದನ್ನೂ ಕಲಿಯಬೇಕು. ಗ್ರಾಹಕರೊಡನೆ ನಗುನಗುತ್ತ ಮಾತಾಡುವ ತರಬೇತಿ ಪಡೆಯಬೇಕು. ಡಿಜಿಟಲ್ ಆಗಬೇಕು. ಕೊತ್ತಂಬರಿ ಕಟ್ಟು ಮಾರುವಾಕೆಯ ತಕ್ಕಡಿಯ ಪಕ್ಕದಲ್ಲಿ ಕ್ಯೂಆರ್ ಕೋಡ್ ಬಂದು ವರ್ಷಗಳೇ ಆದವು. ಉಪದೇಶ ಮಾಡುವವರು ಆ ಕಟ್ಟೆಯ ಕಡೆ ಹೋಗಿ ಎಷ್ಟು ದಿನವಾಯಿತೋ.

ಗಿರಾಕಿಯನ್ನು ಕರೆಯುವ ಕಲೆ ಸಣ್ಣ ವ್ಯಾಪಾರಿಗೆ ಗೊತ್ತು. ಬೋಣಿಯ ಹೊತ್ತಿಗೆ ಎರಡು ರೂಪಾಯಿ ಬಿಡುವುದು, ಕೊನೆಗೆ ಎರಡು ಹಸಿಮೆಣಸಿನಕಾಯಿ ಚೀಲಕ್ಕೆ ಹಾಕುವುದು, ಹೋದ ವಾರ ಕೊಂಡ ಹಣ್ಣು ಹೇಗಿತ್ತೆಂದು ಕೇಳುವುದು, ಇವನ್ನೆಲ್ಲ ಯಾವ ತರಬೇತಿ ಕೇಂದ್ರವೂ ಅವರಿಗೆ ಹೇಳಿಕೊಡಬೇಕಿಲ್ಲ. ಆದರೆ ಗಿರಾಕಿ ಕಟ್ಟೆಯ ಮುಂದೆ ಬಂದು ನಿಂತ ಮೇಲೆ ಮಾತ್ರ ಈ ಕಲೆ ಕೆಲಸಕ್ಕೆ ಬರುತ್ತದೆ. ರಸ್ತೆಯಿಂದ ಕಟ್ಟೆಯ ತನಕದ ದಾರಿ ವ್ಯಾಪಾರಿಯ ಕೈಯಲ್ಲಿಲ್ಲ. ಅದು ಕಟ್ಟಡದ ಒಡೆಯನ ಕೈಯಲ್ಲಿದೆ, ಅಂದರೆ ಪಾಲಿಕೆಯ ಕೈಯಲ್ಲಿ. ಕೆಟ್ಟಿರುವುದು ಆ ದಾರಿ.

ಮುಂಬಯಿಯ ಕ್ರಾಫರ್ಡ್ ಮಾರ್ಕೆಟ್ ನೋಡಿ. ಮುಂಬಯಿಯ ಮೊದಲ ಮುನಿಸಿಪಲ್ ಕಮಿಷನರ್ ಆರ್ಥರ್ ಕ್ರಾಫರ್ಡ್ ಹೆಸರಿನಲ್ಲಿ 1869ರಲ್ಲಿ ಎದ್ದ ಕಟ್ಟಡ. ಈಗ ಮಹಾತ್ಮಾ ಜ್ಯೋತಿಬಾ ಫುಲೆ ಮಂಡಈ. ಬಾಗಿಲ ಮೇಲಿನ ಉಬ್ಬುಚಿತ್ರಗಳು ಲಾಕ್‌ವುಡ್ ಕಿಪ್ಲಿಂಗ್ ಮಾಡಿದ್ದು ಎಂದು ಪ್ರವಾಸಿಗರಿಗೆ ತೋರಿಸುತ್ತಾರೆ. ವ್ಯಾಪಾರಕ್ಕೆ ಬಂದದ್ದು ಆ ಚಿತ್ರಗಳಲ್ಲ, ಕೆಳಗಿನ ಬಾಗಿಲು. ರಸ್ತೆಯಿಂದ ನಡೆದು ಬಂದವನು ಮಹಡಿ ಹತ್ತದೆ, ನೆಲಮಾಳಿಗೆಗೆ ಇಳಿಯದೆ, ನಾಲ್ಕು ಹೆಜ್ಜೆ ಒಳಗಿಟ್ಟರೆ ಹಣ್ಣಿನ ರಾಶಿಯ ಮುಂದೆ ಇರುತ್ತಾನೆ. ಕೊಂಡದ್ದು ಭಾರವಾದರೆ ಬುಟ್ಟಿ ಹೊತ್ತು ಹಿಂದೆ ಬರುವ ಹಮಾಲಿ ಇದ್ದಾನೆ. ಕೈ ಖಾಲಿ ಇರುವ ಗಿರಾಕಿ ಇನ್ನೂ ನಾಲ್ಕು ಕಡೆ ನಿಲ್ಲುತ್ತಾನೆ. 1996ರಲ್ಲಿ ಹಣ್ಣು ತರಕಾರಿಗಳ ಸಗಟು ವ್ಯಾಪಾರ ವಾಶಿಗೆ ಹೋಯಿತು. ಅಷ್ಟು ದೊಡ್ಡ ಏಟು ಬಿದ್ದ ಮೇಲೂ ಚಿಲ್ಲರೆ ವ್ಯಾಪಾರ ಉಳಿಯಿತಲ್ಲ, ಅದಕ್ಕೆ ಕಾರಣ ಯಾವ ಜಾಹೀರಾತೂ ಅಲ್ಲ.

ಇನ್ನು ಬೆಂಗಳೂರಿನ ಕೆ.ಆರ್. ಮಾರ್ಕೆಟ್. ಹೊಸ ಕಟ್ಟಡದ ನೆಲಮಟ್ಟದಲ್ಲಿ ಹೂವಿನ ಸಂತೆ, ಕಾಲಿಡಲು ಜಾಗವಿಲ್ಲ. ಮಹಡಿ ಏರಿದಂತೆ ಜನ ತೆಳುವಾಗುತ್ತಾರೆ. ಮೇಲಿನ ಕಟಕಟೆಗೆ ಆತು ನಿಂತವರಲ್ಲಿ ಎಷ್ಟೋ ಜನ ಕೊಳ್ಳಲು ಬಂದವರಲ್ಲ, ಕೆಳಗಿನ ಚೆಂಡುಹೂವಿನ ರಾಶಿಯ ಫೋಟೋ ತೆಗೆಯಲು ಹತ್ತಿದವರು. ಹೊಲಿಗೆ ಯಂತ್ರದ ಬಿಡಿಭಾಗ ಬೇಕಾದವನು ಮೂರನೆಯ ಮಹಡಿಗೂ ಹೋದಾನು. ಅವನಿಗೆ ಅದು ಬೇರೆಡೆ ಸಿಗುವುದಿಲ್ಲ. ಅರ್ಧ ಕಿಲೋ ಬೀನ್ಸ್‌ಗೆ, ಒಂದು ಮೊಳ ಮಲ್ಲಿಗೆಗೆ ಯಾರೂ ಮೆಟ್ಟಿಲು ಹತ್ತುವುದಿಲ್ಲ. ಮಂಡಿನೋವಿನ ಅಜ್ಜಿಯಂತೂ ಹತ್ತುವುದೇ ಇಲ್ಲ, ಮತ್ತು ಆ ಅಜ್ಜಿಯೇ ಸಣ್ಣ ವ್ಯಾಪಾರಿಯ ಅತ್ಯಂತ ನಿಷ್ಠಾವಂತ ಗಿರಾಕಿ.

ಇದು ಅಡುಗೆಮನೆ ನಡೆಸುವ ಯಾರಿಗೂ ಗೊತ್ತಿರುವ ಸಂಗತಿ. ಆದರೂ ಹಳೆಯ ಮಾರುಕಟ್ಟೆ ಕೆಡವಿ ಹೊಸದನ್ನು ಕಟ್ಟುವ ನಕ್ಷೆ ಬಂದಾಗಲೆಲ್ಲ ರಸ್ತೆಗೆ ಮುಖಮಾಡಿದ ನೆಲಮಟ್ಟ ಹೆಚ್ಚು ಬಾಡಿಗೆ ತರುವ ದೊಡ್ಡ ಅಂಗಡಿಗೆ ಮೀಸಲಾಗುತ್ತದೆ. ತರಕಾರಿಯವರು ಮೇಲಕ್ಕೆ, ಮೀನಿನವರು ನೆಲಮಾಳಿಗೆಗೆ. ಲಿಫ್ಟ್ ಇದೆಯಲ್ಲ ಎನ್ನುತ್ತಾರೆ. ಆ ಲಿಫ್ಟ್ ಎಷ್ಟು ತಿಂಗಳು ಓಡೀತು ಎಂದು ಕೇಳಿದರೆ ಉತ್ತರ ಇಲ್ಲ. ವರ್ಷ ಕಳೆದ ಮೇಲೆ ಮೇಲಿನ ಕಟ್ಟೆಗಳು ಖಾಲಿ ಬಿದ್ದಾಗ ಅದೇ ಕಚೇರಿ ಬರೆಯುತ್ತದೆ: ವ್ಯಾಪಾರಿಗಳಲ್ಲಿ ಉತ್ಸಾಹದ ಕೊರತೆ.

ಕಟ್ಟಡ ಮುಗಿಯುವ ತನಕದ ತಾತ್ಕಾಲಿಕ ಜಾಗದ ಕಥೆ ಇನ್ನೂ ಕ್ರೂರ. ಕ್ರಾಫರ್ಡ್ ಮಾರ್ಕೆಟಿನ ಹತ್ತಿರವೇ ಇದ್ದ ಛತ್ರಪತಿ ಶಿವಾಜಿ ಮಹಾರಾಜ್ ಮೀನು ಮಾರುಕಟ್ಟೆಯ ಕಟ್ಟಡ ಶಿಥಿಲವಾಗಿದೆ ಎಂದು 2021ರಲ್ಲಿ ಅಲ್ಲಿನವರನ್ನು ತೆರವು ಮಾಡಿಸಿದಾಗ ಐರೋಲಿಗೆ ಹೋಗಿ ಎಂಬ ಮಾತು ಬಂತು. ಮೀನುಗಾರ ಕೋಳಿ ಸಮುದಾಯದ ಮಹಿಳೆಯರು ಬೀದಿಗಿಳಿದು ವಿರೋಧಿಸಿದರು. ಐರೋಲಿ ಇರುವುದು ಖಾಡಿಯ ಆಚೆ, ನವಿ ಮುಂಬಯಿಯಲ್ಲಿ. ಮೀನು ಇಳಿಯುವ ಬಂದರು ಇತ್ತ ದಕ್ಷಿಣ ಮುಂಬಯಿಯಲ್ಲಿ, ಕೊಳ್ಳುವ ಮನೆಗಳೂ ಹೋಟೆಲುಗಳೂ ಇತ್ತಲೇ. ಕಟ್ಟಡ ಶಿಥಿಲವಾಗಿದ್ದರೆ ಕೆಡವಲೇಬೇಕು, ತಲೆಯ ಮೇಲೆ ಚಾವಣಿ ಬೀಳಲಿ ಎಂದು ಯಾರೂ ಹೇಳುವುದಿಲ್ಲ. ಆದರೆ ಮೀನುಗಾರ್ತಿಯ ಬಂಡವಾಳ ಕಟ್ಟೆಯಲ್ಲ, ತಕ್ಕಡಿಯಲ್ಲ. ಇಪ್ಪತ್ತು ವರ್ಷ ಅವಳಲ್ಲೇ ಬಂಗುಡೆ ಕೊಂಡ ಮನೆಗಳು. ಆ ಬಂಡವಾಳ ಟೆಂಪೋದಲ್ಲಿ ಹಾಕಿ ಸಾಗಿಸಲು ಬರುವುದಿಲ್ಲ. ಅದಕ್ಕೆ ಪರಿಹಾರ ಧನದ ಪಟ್ಟಿಯಲ್ಲಿ ಕಾಲಮ್ಮೂ ಇಲ್ಲ.

ಕಾನೂನಿನ ಒಂದು ವಿಚಿತ್ರವನ್ನು ಇಲ್ಲಿ ಹೇಳಬೇಕು. 2014ರ ಬೀದಿಬದಿ ವ್ಯಾಪಾರಿಗಳ ಕಾಯ್ದೆಯ ಪ್ರಕಾರ ಬೀದಿ ವ್ಯಾಪಾರಿಗಳು ಐವತ್ತು ವರ್ಷಕ್ಕೂ ಹೆಚ್ಚು ಕಾಲ ವ್ಯಾಪಾರ ಮಾಡಿದ ಸಹಜ ಮಾರುಕಟ್ಟೆಯನ್ನು ಪಾರಂಪರಿಕ ಮಾರುಕಟ್ಟೆ ಎಂದು ಘೋಷಿಸಬೇಕು, ಅಲ್ಲಿನವರನ್ನು ಎಬ್ಬಿಸಬಾರದು. ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಶೇಕಡಾ 40ಕ್ಕೆ ಕಡಿಮೆಯಿಲ್ಲದಷ್ಟು ಸದಸ್ಯರು ಬೀದಿ ವ್ಯಾಪಾರಿಗಳೇ ಇರಬೇಕು, ಅವರಲ್ಲಿ ಮೂರನೇ ಒಂದು ಭಾಗ ಮಹಿಳೆಯರು. ಕಾಯ್ದೆ ಜಾರಿಯಾದ ರೀತಿ ಬೇರೆ ಮಾತು, ತತ್ವವಂತೂ ಸರಿ: ಹಳೆಯ ಸಂತೆಯ ಬೆಲೆ ಇರುವುದು ಅದರ ಜಾಗದಲ್ಲಿ. ಈ ಕಾಯ್ದೆ ಕಾಯುವುದು ಬೀದಿಯವರನ್ನು. ತಲೆಯ ಮೇಲೆ ಪಾಲಿಕೆಯ ಚಾವಣಿ ಇದ್ದು, ತಿಂಗಳು ತಿಂಗಳು ಶುಲ್ಕ ಕಟ್ಟಿ, ರಶೀದಿ ಜೋಪಾನವಾಗಿ ಇಟ್ಟುಕೊಂಡವಳಿಗೆ ಇದರಲ್ಲಿ ಆಸರೆಯಿಲ್ಲ. ಹೊರಗೆ ಕೂತವಳಿಗೆ ಕಾಗದದ ಮೇಲಾದರೂ ಒಂದು ಕುರ್ಚಿ, ಒಳಗಿನವಳಿಗೆ ನೋಟಿಸು.

ಆದರೂ ಒಳಗಿನವರ ಸಿಟ್ಟು ತಿರುಗುವುದು ಹೊರಗಿನವರ ಮೇಲೆ. ಫುಟ್‌ಪಾತಿನ ತರಕಾರಿಯವರನ್ನು ಓಡಿಸಿ, ಗಿರಾಕಿ ಒಳಗೆ ಬರುತ್ತಾನೆ ಎಂದು ಸಂಘದವರೇ ಅರ್ಜಿ ಕೊಡುತ್ತಾರೆ. ಪಾಲಿಕೆಗೂ ಇದು ಸುಲಭ; ಲಾರಿ ತಂದು ನಾಲ್ಕು ತಳ್ಳುಗಾಡಿ ಎತ್ತಿದರೆ ಕೆಲಸ ಮಾಡಿದಂತೆ ಕಾಣುತ್ತದೆ. ಆ ಸಂಜೆ ಗಿರಾಕಿ ಒಳಗೆ ಹೋಗುವುದಿಲ್ಲ, ಮನೆಗೆ ಹೋಗಿ ಫೋನಿನಲ್ಲಿ ತರಿಸಿಕೊಳ್ಳುತ್ತಾನೆ. ಬಾಗಿಲಲ್ಲಿ ಗಿಜಿಗುಟ್ಟುವ ಜನರೇ ಒಳಗಿನ ಅಂಗಡಿಗೆ ದಿಬ್ಬಣ ಇದ್ದಂತೆ. ಅವರನ್ನು ಚದುರಿಸಿ ಮದುವೆಮನೆ ತುಂಬಿಸಲು ಆಗುವುದಿಲ್ಲ.

ಹತ್ತು ನಿಮಿಷದಲ್ಲಿ ಬಾಗಿಲಿಗೆ ಸೊಪ್ಪು ಬರುವ ಕಾಲದಲ್ಲಿ ಈ ವಾದವೇ ಹಳತು ಎನ್ನುವವರು ಮಾಟುಂಗಾಕ್ಕೆ ಹೋಗಿ ಬರಲಿ. ಪತ್ರೊಡೆಗೆ ಕೆಸುವಿನ ಎಲೆ, ಹುಳಿಗೆ ಮಂಗಳೂರು ಸೌತೆ, ಹಬ್ಬಕ್ಕೆ ಬಾಳೆಲೆ ಬೇಕೆಂದು ಎಷ್ಟೋ ಕನ್ನಡದ ಮನೆಗಳವರು ಇಂದಿಗೂ ಲೋಕಲ್ ರೈಲು ಹತ್ತಿ ಅಲ್ಲಿಗೆ ಬರುತ್ತಾರೆ. ಯಾವ ಎಲೆ ಗಂಟಲು ಕೆರೆಯುವುದಿಲ್ಲ ಎಂದು ಮಾರುವವನಿಗೆ ಗೊತ್ತು, ಮತ್ತು ಅವನು ಮುಂದಿನ ವಾರವೂ ಅಲ್ಲೇ ಇರುತ್ತಾನೆ. ದಿಲ್ಲಿ ಹಾಟ್‌ನ ಮಾದರಿಯನ್ನು ಎಲ್ಲೆಡೆ ತನ್ನಿ ಎನ್ನುವವರು ಈ ಎರಡನೆಯ ಮಾತನ್ನು ಮರೆಯುತ್ತಾರೆ. 1994ರಲ್ಲಿ ಶುರುವಾದ ಆ ಹಾಟ್‌ನಲ್ಲಿ ಕುಶಲಕರ್ಮಿಗಳಿಗೆ ಹದಿನೈದು ದಿನಕ್ಕೊಮ್ಮೆ ಮಳಿಗೆ ಬದಲಾಗುತ್ತದೆ. ಕರಕುಶಲ ವಸ್ತುವಿಗೆ ಅದು ಒಳ್ಳೆಯದೇ, ಹೊಸತು ನೋಡಲೆಂದೇ ಜನ ಟಿಕೆಟ್ ಕೊಂಡು ಬರುತ್ತಾರೆ. ತರಕಾರಿಗೆ, ಮೀನಿಗೆ ಬೇಕಾದದ್ದು ಹಳೆಯ ಮುಖ.

ವ್ಯಾಪಾರಿಗಳಲ್ಲಿ ತಪ್ಪಿಲ್ಲವೆಂದಲ್ಲ. ಹೊಸಬರನ್ನು ಕಂಡರೆ ಎರಡರಷ್ಟು ಬೆಲೆ ಹೇಳುವವರು, ತೂಕದಲ್ಲಿ ಕೈಚಳಕ ತೋರುವವರು, ತಾತನ ಹೆಸರಿನ ಕಟ್ಟೆಯನ್ನು ಒಳಬಾಡಿಗೆಗೆ ಕೊಟ್ಟು ಮನೆಯಲ್ಲಿ ಕೂತವರು ಎಲ್ಲ ಮಾರುಕಟ್ಟೆಯಲ್ಲೂ ಇದ್ದಾರೆ. ಸಂಘಗಳು ಇವರನ್ನು ಮುಚ್ಚಿಟ್ಟುಕೊಂಡಷ್ಟೂ ಪಾಲಿಕೆಯ ಕೈ ಬಲವಾಗುತ್ತದೆ. ತೂಕ ಪರೀಕ್ಷಿಸಲು ಬಾಗಿಲ ಬಳಿ ಒಂದು ಸಾರ್ವಜನಿಕ ತಕ್ಕಡಿ ಇಡಲು ಸಂಘಕ್ಕೆ ಯಾರ ಅಪ್ಪಣೆ ಬೇಕು?

ಉಳಿದದ್ದು ಪಾಲಿಕೆಯ ಪಾಲಿನ ಕೆಲಸ, ಮತ್ತು ಅದರಲ್ಲಿ ಹೊಳಪು ಏನೂ ಇಲ್ಲ. ಮೂಗು ಮುಚ್ಚಿಕೊಳ್ಳದೆ ಹೋಗಬಹುದಾದ ಶೌಚಾಲಯ; ಕಟ್ಟೆಯಲ್ಲಿ ಹನ್ನೆರಡು ಗಂಟೆ ಕೂರುವ ಹೆಂಗಸು ನೀರು ಕುಡಿಯದೆ ದಿನ ಕಳೆಯುತ್ತಾಳೆ ಎಂಬುದು ಯಾವ ಸೌಂದರ್ಯೀಕರಣದ ಕಡತದಲ್ಲೂ ಇರುವುದಿಲ್ಲ. ಮಳೆಗಾಲದಲ್ಲಿ ಜಾರದ ನೆಲ. ಚೀಲ ಇಳಿಸಿ ಎರಡು ನಿಮಿಷ ಕೂರಲು ಒಂದು ಕಲ್ಲುಬೆಂಚು. ಮೀನಿನ ನೀರು ಹರಿದುಹೋಗುವ ಚರಂಡಿ. ಮಾರುಕಟ್ಟೆ ಕೆಡವಿದರೆ ತಾತ್ಕಾಲಿಕ ಶೆಡ್ಡು ಹಳೆಯ ಗಿರಾಕಿ ನಡೆದು ಬರುವಷ್ಟು ಹತ್ತಿರದಲ್ಲಿ, ಮತ್ತು ಹೊಸ ಕಟ್ಟಡದ ನೆಲಮಟ್ಟ ಮೊದಲು ಹಳೆಯ ಕಟ್ಟೆಯವರಿಗೆ, ಆಮೇಲೆ ಶೋರೂಮಿಗೆ. ಇದನ್ನು ಗುತ್ತಿಗೆಯ ಕರಾರಿನಲ್ಲಿ ಬರೆಯದೆ ಸಭೆಯಲ್ಲಿ ಬಾಯಿಮಾತಿನ ಭರವಸೆ ಕೊಟ್ಟರೆ ವ್ಯಾಪಾರಿಗಳು ಸಹಿ ಹಾಕಬಾರದು. ನಕ್ಷೆಯನ್ನು ಮೇಜಿನ ಮೇಲೆ ಹರಡಿದ ದಿನವೇ ಅವರು ಕೇಳಬೇಕು: ಮೀನಿನವಳು ಯಾವ ಮಹಡಿಯಲ್ಲಿ ಕೂರುತ್ತಾಳೆ, ಅವಳ ಮಂಜುಗಡ್ಡೆ ಬೆಳಗಿನ ಐದಕ್ಕೆ ಯಾವ ಬಾಗಿಲಿನಿಂದ ಒಳಗೆ ಬರುತ್ತದೆ, ಆ ಬಾಗಿಲಿನ ಬೀಗದ ಕೈ ಯಾರ ಹತ್ತಿರ ಇರುತ್ತದೆ?